ಯಾರೋ ಮಾಡಿದ ಸಾಲ

ಲೈಬೀರಿಯಾದ ಫಾರ್ಮಿಂಗ್ಟನ್ ನದಿಯಲ್ಲಿ ದೋಣಿಯ ಮೋಟಾರ್ ಸದ್ದು ಕೇಳಿದರೆ ಸಾಕು, ನಡುಗಡ್ಡೆಯ ಚಿಂಪಾಂಜಿಗಳು ಕೂಗುತ್ತ ದಡಕ್ಕೆ ಓಡಿಬರುತ್ತವೆ. ಈಜು ಬಾರದ ಪ್ರಾಣಿಗಳವು. ಆದರೂ ನೀರಿಗಿಳಿದು, ಕೈಚಾಚಿ ನಿಲ್ಲುತ್ತವೆ. ದೋಣಿಯಲ್ಲಿದ್ದವರು ಹಣ್ಣು ಎಸೆಯುತ್ತಾರೆ. ಪಳಗಿದವಕ್ಕೆ ಕೈಗೇ ಕೊಡುತ್ತಾರೆ. ಇದರ ವಿಡಿಯೋ ನೋಡಿದವರೆಲ್ಲ ಎಂಥಾ ನಿಷ್ಠೆಯಪ್ಪಾ ಎನ್ನುತ್ತಾರೆ. ದೋಣಿಯವರ ನಿಷ್ಠೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಹೊಗಳಿಕೆಯ ಬಗ್ಗೆ.

ಈ ಚಿಂಪಾಂಜಿಗಳ ಕಥೆ ಶುರುವಾಗುವುದು ಪ್ರಯೋಗಾಲಯದಲ್ಲಿ. 1974ರಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರ್ ಲೈಬೀರಿಯಾದಲ್ಲಿ ವಿಲ್ಯಾಬ್ ಎಂಬ ಪ್ರಯೋಗಾಲಯ ತೆರೆಯಿತು. ಹೆಪಟೈಟಿಸ್ ವೈರಾಣು ಮನುಷ್ಯರಿಗೆ ಅಂಟುವಂತೆಯೇ ಚಿಂಪಾಂಜಿಗೂ ಅಂಟುತ್ತದೆ, ಆಫ್ರಿಕಾದಲ್ಲಾದರೆ ಪ್ರಾಣಿ ಕೈಗೆಟುಕುವ ದೂರದಲ್ಲೇ ಸಿಗುತ್ತದೆ. ಸೋಂಕು ಹತ್ತಿಸುವುದು, ಅರಿವಳಿಕೆ ಕೊಡುವುದು, ಯಕೃತ್ತಿನ ಚೂರು ತೆಗೆದು ಪರೀಕ್ಷಿಸುವುದು, ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ. ಹೆಪಟೈಟಿಸ್ ಬಿ ಲಸಿಕೆಯ ಹಿಂದೆ ಚಿಂಪಾಂಜಿಗಳ ಮೇಲೆ ನಡೆದ ಇಂಥ ಪ್ರಯೋಗಗಳಿವೆ. ನಮ್ಮ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸಿಗೆ ಹಾಕುವ ಚುಚ್ಚುಮದ್ದಿನ ವಂಶಾವಳಿ ಕೆದಕಿದರೂ ಅವು ಸಿಗುತ್ತವೆ. ಹಾಗಾಗಿ ಇದು ದೂರದೇಶದ ಕಥೆ ಎಂದು ನಾವು ಜಾರಿಕೊಳ್ಳುವಂತಿಲ್ಲ.

ಕೆಲಸ ಮುಗಿದ ಚಿಂಪಾಂಜಿಗಳನ್ನು ಫಾರ್ಮಿಂಗ್ಟನ್ ಮತ್ತು ಲಿಟಲ್ ಬಾಸಾ ನದಿಗಳ ಆರು ನಡುಗಡ್ಡೆಗಳಿಗೆ ಬಿಟ್ಟರು. 2005ರ ಹೊತ್ತಿಗೆ ಪ್ರಯೋಗವೇ ನಿಂತಿತು. ಸುತ್ತ ನೀರು, ಒಳಗೆ ಹಸಿರು. ಹೊರಗಿನಿಂದ ನೋಡಿದರೆ ಸ್ವರ್ಗ. ಆದರೆ ಅಲ್ಲಿ ಹೊಟ್ಟೆ ತುಂಬುವಷ್ಟು ಹಣ್ಣು ಬೆಳೆಯುವುದಿಲ್ಲ, ಕುಡಿಯಲು ಸಿಹಿನೀರೂ ಸಾಲದು. ಎರಡನ್ನೂ ಮನುಷ್ಯರೇ ಒದಗಿಸಬೇಕು. ಅದಕ್ಕೆ ಆಗ ತಿಂಗಳಿಗೆ ಸುಮಾರು 30 ಸಾವಿರ ಡಾಲರ್ ಖರ್ಚಾಗುತ್ತಿತ್ತು. 2015ರ ಮಾರ್ಚ್‌ನಲ್ಲಿ ಬ್ಲಡ್ ಸೆಂಟರ್ ಆ ಹಣವನ್ನು ನಿಲ್ಲಿಸಿತು. ಎಬೋಲಾದಿಂದ ಲೈಬೀರಿಯಾ ಇನ್ನೂ ಚೇತರಿಸಿಕೊಂಡಿರಲಿಲ್ಲ. ನಡುಗಡ್ಡೆಗಳಲ್ಲಿ 66 ಚಿಂಪಾಂಜಿಗಳಿದ್ದವು. ಇವು ಲೈಬೀರಿಯಾ ಸರ್ಕಾರದ ಸ್ವತ್ತು, ಸಾಕುವ ಬಾಧ್ಯತೆ ನಮಗಿಲ್ಲ ಎಂಬುದು ಸೆಂಟರ್‌ನ ವಾದ. ಕರಾರುಪತ್ರದ ಮಟ್ಟಿಗೆ ಅದು ನಿಲ್ಲುತ್ತದೋ ಏನೋ. ಸೋಂಕು ಹತ್ತಿಸಿದ ಕೈ ಯಾರದು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಆಗ ದೋಣಿ ಬಿಟ್ಟವರು ಹಳೆಯ ನೌಕರರೇ. ಸಂಬಳವಿಲ್ಲ. ಸಿಕ್ಕಷ್ಟನ್ನು ಒಯ್ದು ಹಂಚಿದರು. ಇವರಲ್ಲಿ ಕೆಲವರು ಅಂತರ್ಯುದ್ಧದ ಕಾಲವನ್ನೂ ಕಂಡವರು. ಯಾವುದಕ್ಕೆ ಯಾವ ಹೆಸರು, ಯಾವುದು ಮುಂದೆ ನುಗ್ಗಿ ಕಿತ್ತುಕೊಳ್ಳುತ್ತದೆ, ಯಾವುದು ಹಿಂದೆ ಉಳಿಯುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ದೋಣಿಯಿಂದ ಎಸೆದು ಉಣಿಸುವಾಗ ಈ ತಿಳಿವಳಿಕೆಯೇ ಅರ್ಧ ಕೆಲಸ. ಇಲ್ಲದಿದ್ದರೆ ಬಲಿಷ್ಠ ಗಂಡುಗಳ ಹೊಟ್ಟೆ ಮಾತ್ರ ತುಂಬುತ್ತದೆ. ಪ್ರಯೋಗಾಲಯದ ದಿನಗಳಲ್ಲಿ ಈ ಕೆಲಸಗಾರರೂ ಅದೇ ವ್ಯವಸ್ಥೆಯ ಭಾಗವಾಗಿದ್ದರು ಎಂಬುದನ್ನು ಮರೆಯಬಾರದು. ಹಾಗೆಂದು ಅವರ ಆರೈಕೆಯನ್ನು ಪ್ರಾಯಶ್ಚಿತ್ತ ಎಂದು ಕರೆಯುವುದೂ ಅನ್ಯಾಯ. ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವರು ನ್ಯೂಯಾರ್ಕಿನಲ್ಲಿದ್ದರು.

ಆರೈಕೆ ಎಂದ ಮಾತ್ರಕ್ಕೆ ಅದನ್ನು ತೂಗಿ ನೋಡಬಾರದೇ? ಎಸೆದ ಹಣ್ಣು ಜೀವ ಉಳಿಸುತ್ತದೆ, ಚಿಕಿತ್ಸೆ ಕೊಡುವುದಿಲ್ಲ. ನಡುಗಡ್ಡೆಗಳಲ್ಲಿ ಮರಿಗಳು ಹುಟ್ಟುತ್ತಲೇ ಹೋದವು, ಅಂದರೆ ಸಂತಾನ ನಿಯಂತ್ರಣವೂ ಕೈತಪ್ಪಿತ್ತು. ಇದು ಕೆಲಸಗಾರರ ಲೋಪವಲ್ಲ. ಪಶುವೈದ್ಯರು, ಔಷಧಿ, ನೀರಿನ ಪೈಪು ಯಾವುದೂ ಬರೀ ಪ್ರೀತಿಯಿಂದ ಹುಟ್ಟುವುದಿಲ್ಲ. ಹೋಲಿಕೆಗೆ ನೋಡಿ: ಫ್ಲೋರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ಕ್ಯಾರೊಲ್ ನೂನ್ ಕಟ್ಟಿದ ‘ಸೇವ್ ದಿ ಚಿಂಪ್ಸ್’ ಕೂಡ ನಡುಗಡ್ಡೆಗಳ ಆಶ್ರಯವೇ. 2002ರಲ್ಲಿ ನ್ಯೂ ಮೆಕ್ಸಿಕೋದ ಕೌಲ್ಸ್ಟನ್ ಪ್ರಯೋಗಾಲಯ ಮುಚ್ಚುವ ಹಂತಕ್ಕೆ ಬಂದಾಗ ನೂನ್ ಅಲ್ಲಿದ್ದ 266 ಚಿಂಪಾಂಜಿಗಳ ಹೊಣೆ ಹೊತ್ತರು. ಅಲ್ಲೂ ನಿಷ್ಠೆಗೆ ಕೊರತೆಯಿರಲಿಲ್ಲ, ಆದರೆ ಅದರ ಬೆನ್ನಿಗೆ ದೊಡ್ಡ ದೇಣಿಗೆಯಿತ್ತು. ಹೀಗಾಗಿ ರಾತ್ರಿ ಮಲಗಲು ಕೋಣೆಗಳು, ದಿನವೂ ನೋಡುವ ವೈದ್ಯರು ಎಲ್ಲ ಸಾಧ್ಯವಾಯಿತು. ಎರಡೂ ಕಡೆ ಪ್ರಯೋಗಕ್ಕೆ ಈಡಾದ ಪ್ರಾಣಿಗಳೇ. ವೃದ್ಧಾಪ್ಯ ಹೇಗಿರುತ್ತದೆ ಎಂಬುದು ಮಾತ್ರ ಅವು ಇರುವ ದೇಶದ ಮೇಲೆ ನಿಂತಿದೆ.

ಲೈಬೀರಿಯಾಕ್ಕೆ ನೆರವು ಬಂದದ್ದು ಅಮೆರಿಕದ ಹ್ಯೂಮೇನ್ ಸೊಸೈಟಿಯಿಂದ. ಜನರ ಒತ್ತಡ ಹೆಚ್ಚಿದ ಮೇಲೆ, 2017ರಲ್ಲಿ, ಬ್ಲಡ್ ಸೆಂಟರ್ 60 ಲಕ್ಷ ಡಾಲರ್ ಕೊಡಲು ಒಪ್ಪಿತು. ಚಿಂಪಾಂಜಿಗಳನ್ನು ಕಡೆತನಕ ಸಾಕುವ ಹೊಣೆಯನ್ನು ಸೊಸೈಟಿ ಹೊತ್ತಿತು. ಪತ್ರಿಕೆಗಳು ಇದನ್ನು ಸುಖಾಂತ್ಯ ಎಂದು ಬರೆದವು. ಒಮ್ಮೆ ಲೆಕ್ಕ ಹಾಕಿ. ತಿಂಗಳಿಗೆ ಅದೇ ಹಳೆಯ 30 ಸಾವಿರ ಎಂದು ಹಿಡಿದರೂ ಈ ದುಡ್ಡು 17 ವರ್ಷಕ್ಕೆ ಸಾಲದು. ಸಾಕಿದ ಚಿಂಪಾಂಜಿ ಐವತ್ತು ದಾಟುವುದುಂಟು, ನಡುಗಡ್ಡೆಯಲ್ಲಿ ಹುಟ್ಟಿದ ಮರಿಗಳ ಮುಂದೆ ಇನ್ನೂ ದಶಕಗಳಿವೆ. ಆ ಉಳಿದ ವರ್ಷಗಳ ಖರ್ಚನ್ನು ಪ್ರಯೋಗದ ಲಾಭ ಪಡೆದವರು ಕೊಡಬೇಕಾಗಿಲ್ಲ. ದೇಣಿಗೆ ಎತ್ತಿಯೇ ತುಂಬಬೇಕು.