ವಾರಾಹಿಯ ಮಾಪಕಗಳೂ ಸಂದೇಶನಿಯಮಗಳೂ

ಅಳತೆಯ ಉಪಕರಣಗಳು ಬಹುಸಂಖ್ಯೆಯಲ್ಲಿ ಸೇರಿದೆಡೆ ಅವುಗಳ ಸಂದೇಶನಿಯಮವನ್ನು, ಅರ್ಥಾತ್ ಪ್ರೋಟೊಕಾಲನ್ನು, ವೇಗವೊಂದನ್ನೇ ನೋಡಿ ಆರಿಸುವ ಪದ್ಧತಿ ಬೆಳೆದಿದೆ. ಇದು ಯುಕ್ತವೆ ಎಂಬುದನ್ನು ಕುಂದಾಪುರದ ನೆಲದಲ್ಲಿ ಒರೆಹಚ್ಚಿ ನೋಡಬಹುದು. ವಾರಾಹಿಯ ನೀರು ಘಟ್ಟದ ಮೇಲೆ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ನಿಲ್ಲುತ್ತದೆ. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 115 ಮೆಗಾವಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಕೆಳಗೆ ಒಂದಂಶ ಕಾಲುವೆಗಳಿಗೆ ಹಾಯ್ದು, ಉಳಿದುದು ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಇಂತಹ ಹೊಳೆಯುದ್ದಕ್ಕೂ ಮಾಪಕಗಳನ್ನು ಹೂಡುವವರಿಗೆ ಆಷಾಢದ ಮಳೆಯಲ್ಲಿ ಸಂಪರ್ಕ ಕಡಿಯುವುದೇ ಮೊದಲ ಚಿಂತೆ.

1979ರ ಮಾಡ್‌ಬಸ್ ಸರಳವಾದುದು, ಕೇಳಿದರಷ್ಟೇ ಉತ್ತರಿಸುತ್ತದೆ. ಆದರೆ ಆ ಉತ್ತರದಲ್ಲಿ ಅಳತೆಯ ಹೊತ್ತಿಗೆ ನಿಯತವಾದ ಸ್ಥಾನವೇ ಇಲ್ಲ. 1999ರಲ್ಲಿ ತೈಲದ ಕೊಳವೆಮಾರ್ಗಗಳಿಗಾಗಿ ಹುಟ್ಟಿದ ಎಂಕ್ಯುಟಿಟಿ ಮಿತವ್ಯಯಿ. ತಾನು ಮೂಕವಾದರೆ ಸಾರಬೇಕಾದ ಮಾತನ್ನು ಉಪಕರಣವು ಉಯಿಲಿನಂತೆ ಮೊದಲೇ ಬರೆದಿಡುವ ಏರ್ಪಾಡು ಸ್ತುತ್ಯವೇ ಸರಿ. ಆದರೂ ಸಂದೇಶದ ಒಡಲಲ್ಲಿ ಏನಿರಬೇಕೆಂಬುದನ್ನು ಅದು ಬಳಸುವವರಿಗೇ ಬಿಟ್ಟಿದೆ. ಕೂಡಿಟ್ಟ ಅಳತೆಗಳು ಮರುದಿನ ಒಟ್ಟಾಗಿ ಬಂದಾಗ, ನಿನ್ನೆಯ ಏರಿಕೆಯನ್ನು ಇಂದಿನದೆಂದು ಬಗೆದು ಅಣೆಯ ಬಾಗಿಲೆತ್ತುವ ಅಪಾಯವುಂಟು. ತಗ್ಗಿನ ಗದ್ದೆಗಳಿಗೆ ಅದು ಸಣ್ಣ ಮಾತಲ್ಲ. ಡಿಎನ್‌ಪಿ-3, ಐಇಸಿ 60870-5-104 ಎಂಬವು ತೊಡಕಿನವೆಂದು ದೂರುವವರುಂಟು. ದೂರು ನಿಜ. ಆದರೆ ಘಟನೆಯ ಹೊತ್ತನ್ನು ಘಟನೆಯೊಡನೆಯೇ ಕಳುಹಿಸುವ ವಿಧಾನ ಅವುಗಳ ನಿಯಮದಲ್ಲಿಯೇ ಅಡಕವಾಗಿದೆ. ಆದುದರಿಂದ ಬಾಗಿಲುಗಳಿಗೆ ಅವೇ ತಕ್ಕವು. ಕಾಲುವೆಯ ಸಣ್ಣ ಮಾಪಕಗಳಿಗೆ ಎಂಕ್ಯುಟಿಟಿ ಸಾಕು. ಪ್ರತಿ ಅಳತೆಯೊಡನೆ ಹೊತ್ತನ್ನೂ ಬರೆಯತಕ್ಕದ್ದೆಂದು ಮೊದಲೇ ಕಟ್ಟು ಮಾಡಿರಬೇಕು.