ಆಕ್ಷೇಪಣೆಗಳಿದ್ದಲ್ಲಿ 60 ದಿನಗಳೊಳಗೆ

ನಮ್ಮ ಜಿಲ್ಲೆಯಲ್ಲಿ ಹೊಸಮನೆ ಅಂದ ತಕ್ಷಣ ಕೇಳಬೇಕಾದ ಪ್ರಶ್ನೆ ‘ಯಾವ ಹೊಸಮನೆ?’ ಅಂತ. ಶಿವಮೊಗ್ಗದಲ್ಲೊಂದಿದೆ, ಭದ್ರಾವತಿಯಲ್ಲೊಂದಿದೆ. ಒಂದು ತುಂಗೆಯ ಊರಿನದು, ಇನ್ನೊಂದು ಭದ್ರೆಯ ಊರಿನದು. ಎರಡಕ್ಕೂ ಮಾಸ್ಟರ್ ಪ್ಲಾನ್ ಮಾಡೋದು ಒಂದೇ ಕಚೇರಿ: ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಸೂಡಾ. ಆದರೆ ಸಂವಿಧಾನದ ಲೆಕ್ಕದಲ್ಲಿ ಈ ಎರಡು ಹೊಸಮನೆಗಳು ಒಂದೇ ಅಲ್ಲ. 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು. 2011ರ ಜನಗಣತಿಯಲ್ಲಿ ಶಿವಮೊಗ್ಗದ್ದು 3.22 ಲಕ್ಷ, ಭದ್ರಾವತಿಯದ್ದು 1.51 ಲಕ್ಷ. ಅಂದ್ರೆ ಭದ್ರಾವತಿಯ ಹೊಸಮನೆಯವರಿಗೆ ಈ ಹಕ್ಕು ಸಂವಿಧಾನದಿಂದ ಸಿಗಲ್ಲ. ಶಿವಮೊಗ್ಗದ ಹೊಸಮನೆಯವರಿಗೆ ಸಿಗುತ್ತೆ, ಕಾಗದದ ಮೇಲೆ. ಯಾಕಂದ್ರೆ ವಾರ್ಡ್ ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು. 2018ರಲ್ಲಿ ಆರಿಸಿದ ಪಾಲಿಕೆಯ ಅವಧಿ 2023ರಲ್ಲಿ ಮುಗೀತು, ಆಮೇಲೆ ಬಂದದ್ದು ಆಡಳಿತಾಧಿಕಾರಿ. ಕಾರ್ಪೊರೇಟರೇ ಇಲ್ಲದ ಮೇಲೆ ಸಮಿತಿಯ ಕುರ್ಚಿಯಲ್ಲಿ ಕೂರೋರು ಯಾರು?

ಇಷ್ಟಾದರೂ ಸರ್ಕಾರದ ಯಾವ ಯೋಜನೆಯ ವರದಿ ತೆಗೆದರೂ ‘ಸಾರ್ವಜನಿಕರ ಅಭಿಪ್ರಾಯ ಪಡೆದು’ ಅನ್ನೋ ಸಾಲು ಇದ್ದೇ ಇರುತ್ತೆ. ನನ್ನ ತಕರಾರು ಈ ಸಾಲಿನ ಬಗ್ಗೆ. ಕೇಳೋದೇ ಇಲ್ಲ ಅಂತ ನಾನು ಹೇಳಲ್ಲ. ಕೇಳ್ತಾರೆ, ಬೇಕಾದಷ್ಟು ಸಲ ಕೇಳ್ತಾರೆ. ಕೇಳಿದ್ದು ಎಲ್ಲಿಗೆ ಹೋಯ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಸ್ಮಾರ್ಟ್ ಸಿಟಿಯನ್ನೇ ತಗೊಳ್ಳಿ. 2016ರ ಸೆಪ್ಟೆಂಬರಿನ ಪಟ್ಟಿಯಲ್ಲಿ ಶಿವಮೊಗ್ಗ ಆಯ್ಕೆಯಾಯ್ತು. ಆ ಸ್ಪರ್ಧೆಯಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಗೂ ಅಂಕ ಇತ್ತು, ಹಾಗಾಗಿ ಊರೂರಲ್ಲಿ ಸಭೆ, ಫಾರ್ಮು, ಆನ್‌ಲೈನ್ ಮತದಾನ. ಗೆದ್ದ ಮೇಲೆ ಕೆಲಸ ಮಾಡಿದ್ದು ಯಾರು? ರಾಜ್ಯ ಸರ್ಕಾರ ಮತ್ತು ಪಾಲಿಕೆ ಅರ್ಧರ್ಧ ಷೇರು ಹಿಡಿದ ಒಂದು ಕಂಪನಿ. ಪಾಲಿಕೆಯ ಸಾಮಾನ್ಯ ಸಭೆಗೆ ಪತ್ರಕರ್ತರಾದರೂ ಹೋಗಿ ಕೂರ್ತಾರೆ, ಮಾರನೇ ದಿನ ಯಾರು ಯಾರಿಗೆ ಏನು ಬೈದರು ಅಂತ ಪೇಪರಲ್ಲಿ ಬರುತ್ತೆ. ಕಂಪನಿಯ ಬೋರ್ಡ್ ಮೀಟಿಂಗಿಗೆ ಹಾಗೆಲ್ಲ ಹೋಗಕ್ಕಾಗಲ್ಲ. ಜನರ ಅಭಿಪ್ರಾಯ ಅಂಕ ತರೋವರೆಗೆ ಬೇಕಿತ್ತು, ರಸ್ತೆ ಅಗೆಯೋವಾಗ ಬೇಕಾಗಲಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ಪಶ್ಚಿಮ ಘಟ್ಟದ್ದು. ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು ಅಧಿಸೂಚನೆ ಬಂದದ್ದು 2014ರ ಮಾರ್ಚ್‌ನಲ್ಲಿ. ಆರನೆಯದು 2024ರ ಜುಲೈ 31ಕ್ಕೆ. ಪ್ರತಿ ಸಲವೂ ‘ಆಕ್ಷೇಪಣೆಗಳಿದ್ದಲ್ಲಿ 60 ದಿನಗಳೊಳಗೆ ಸಲ್ಲಿಸಿ’. ಆರು ಅರವತ್ತಲ 360. ಹತ್ತು ವರ್ಷದಲ್ಲಿ ಹೆಚ್ಚೂಕಮ್ಮಿ ಒಂದು ಇಡೀ ವರ್ಷ ಸರ್ಕಾರ ನಮ್ಮ ಮಾತಿಗೆ ಕಿವಿಕೊಟ್ಟು ಕೂತಿತ್ತು ಅಂತಾಯ್ತು! ಕರ್ನಾಟಕದ 20,668 ಚದರ ಕಿಲೋಮೀಟರ್ ಇದರೊಳಗೆ ಬರುತ್ತೆ, ನಮ್ಮ ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳೂ ಸೇರಿ. ಕರಡಿನಲ್ಲಿ ನಿಷೇಧ ಅಂತ ಇರೋದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರ್ ದಾಟುವ ಕಟ್ಟಡ. ಹಳ್ಳಿಗಳಲ್ಲಿ ಹರಡಿದ್ದು ಮಾತ್ರ ಬೇರೆ ಸುದ್ದಿ: ಅಡಿಕೆ ತೋಟ ಬಿಡಿಸ್ತಾರೆ, ಮನೆ ಎಬ್ಬಿಸ್ತಾರೆ, ದನ ಮೇಯಿಸಕ್ಕೂ ಬಿಡಲ್ಲ.

ಜನ ಸುಳ್ಳು ನಂಬಿದರು ಅಂತ ಬೆಂಗಳೂರಲ್ಲಿ ಕೂತು ನಗೋದು ಸುಲಭ. ಆದರೆ ಈ ಜನ ಯಾರು ನೋಡಿ. ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು. ನಾಡಿಗೆ ಕರೆಂಟು ಬರಲಿ ಅಂತ 1960ರ ದಶಕದಲ್ಲಿ ಮನೆ-ಗದ್ದೆ ಮುಳುಗಿಸಿಕೊಂಡವರ ಮನೆಯವರು ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕೆ ಅಲೀತಾನೇ ಇದ್ದಾರೆ. ಅಂಥವರ ಮುಂದೆ ಇಂಗ್ಲಿಷಿನ ಗೆಜೆಟ್ ಇಟ್ಟು ‘ನಿಮಗೇನೂ ತೊಂದರೆ ಇಲ್ಲ’ ಅಂದ್ರೆ ಅವರು ಯಾಕೆ ನಂಬಬೇಕು? ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಗ್ರಾಮಸಭೆಗಳ ಮುಂದೆ ಇಟ್ಟು ತೀರ್ಮಾನಿಸಿ ಅಂತಲೇ ಹೇಳಿತ್ತು. ಕೇಂದ್ರ ಸರ್ಕಾರ ಆ ವರದಿಯನ್ನ ಬಹಿರಂಗ ಮಾಡಿದ್ದೇ ಮರುವರ್ಷ, ಅದೂ ಮಾಹಿತಿ ಹಕ್ಕಿನಡಿ ಕೋರ್ಟಿನವರೆಗೆ ಹೋದ ಮೇಲೆ. ಆ ಖಾಲಿ ಜಾಗವನ್ನ ಗಾಳಿಸುದ್ದಿ ತುಂಬಿತು. ಈಗ ರಾಜ್ಯ ಸರ್ಕಾರ ‘ಜನರ ವಿರೋಧ ಇದೆ’ ಅಂತ ಹೇಳಿ ವರದಿಯನ್ನ ತಿರಸ್ಕರಿಸುತ್ತೆ. ಕ್ವಾರಿ ಮಾಲೀಕನ ವಿರೋಧವೂ ಎರಡೆಕರೆ ತೋಟದವನ ಭಯವೂ ಒಂದೇ ಲೆಕ್ಕದಲ್ಲಿ ಸೇರಿಹೋಗುತ್ತೆ.

ಭಾಷೆಯ ವಿಷಯ ಬಂತು, ಒಂದು ಮಾತು. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡನ್ನ ಕೇಂದ್ರ ಸರ್ಕಾರ ತಂದದ್ದು ಇಂಗ್ಲಿಷು, ಹಿಂದಿಯಲ್ಲಿ. ಸಾರ್ವಜನಿಕ ಅಹವಾಲಿಗೆ ಕೊಡ್ತಿದ್ದ 30 ದಿನದ ನೋಟಿಸನ್ನ 20ಕ್ಕೆ ಇಳಿಸೋ ಪ್ರಸ್ತಾಪವೂ ಅದರಲ್ಲೇ ಇತ್ತು. ಎಲ್ಲ ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯ್ತು, ಅಂತಿಮ ಅಧಿಸೂಚನೆಗೆ ನಮ್ಮ ಹೈಕೋರ್ಟೂ ತಾತ್ಕಾಲಿಕ ತಡೆ ಕೊಡ್ತು. ಕನ್ನಡದಲ್ಲಿ ಓದಕ್ಕೆ ಸಿಗಲಿ ಅನ್ನೋದಕ್ಕೂ ಕೋರ್ಟು ಹತ್ತಬೇಕು!

ಹಾಗಾದ್ರೆ ಜನರನ್ನ ನಿಜವಾಗಿ ಸೇರಿಸಿಕೊಂಡ ಉದಾಹರಣೆಯೇ ಇಲ್ವಾ? ಇದೆ, ಅದೂ ಇಲ್ಲಿಯದೇ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ಅಭಿಪ್ರಾಯವನ್ನ ಯಾರೂ ಆಹ್ವಾನಿಸಿರಲಿಲ್ಲ. ಎರಡು ದಶಕದ ನಂತರ, 1974ರಲ್ಲಿ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಬಂತು. ಅದರ ನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ನಾಲ್ವರು ಅಧಿಕಾರಿಗಳಲ್ಲದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶ ಇಲ್ಲ. ಗೇಣಿದಾರ ತಾನೇ ನಿಂತು ತನ್ನ ಮಾತಲ್ಲಿ ಹೇಳಬೇಕಿತ್ತು. ಆ ಮಂಡಳಿಗಳಲ್ಲಿ ರಾಜಕೀಯ ಇರಲಿಲ್ಲ ಅಂತಲ್ಲ, ಸದಸ್ಯರನ್ನ ನೇಮಿಸ್ತಿದ್ದದ್ದು ಸರ್ಕಾರವೇ. ಆದರೂ ತೀರ್ಮಾನ ಮಾಡೋ ಮೇಜಿನ ಆಚೆ ಊರಿನವರಿಗೂ ಕುರ್ಚಿ ಇತ್ತು. ಸಲಹಾ ಪೆಟ್ಟಿಗೆಗೂ ಕುರ್ಚಿಗೂ ವ್ಯತ್ಯಾಸ ಇದೆ. ಇವತ್ತಿಗೂ ಅಂಥ ಒಂದು ಕುರ್ಚಿ ಉಳಿದಿದೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು. ಫುಟ್‌ಪಾತ್ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಗಲಾಟೆ ಮಾಡೋ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಇನ್ನೊಂದು, ಕುಸನೂರಿನದು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನೋ ಕಂಪನಿ ಮಾಡಿ, ಶಿವಮೊಗ್ಗವೂ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನನ್ನ ನೀಲಗಿರಿಗೆ ಅಂತ ಎತ್ತಿಟ್ಟವು. ಜನ ದನ ಮೇಯಿಸ್ತಿದ್ದ, ಸೌದೆ ತರ್ತಿದ್ದ ಜಾಗ ಅದು. 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಆಯ್ತು: ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿ ಮುಚ್ಚೋ ತೀರ್ಮಾನ ಬಂತು.

ಇದರಿಂದ ಸರ್ಕಾರ ಪಾಠ ಕಲಿತಿತ್ತು ಅಂದುಕೊಂಡ್ರೆ, ಭದ್ರಾವತಿಗೆ ಬನ್ನಿ. ಮೈಸೂರು ಪೇಪರ್ ಮಿಲ್ಸಿಗೆ 1980ರಲ್ಲಿ 40 ವರ್ಷಕ್ಕೆ ಕೊಟ್ಟ ಅರಣ್ಯದ ಗುತ್ತಿಗೆ 2020ಕ್ಕೆ ಮುಗೀತು. ಉಳಿದಿದ್ದದ್ದು ಸುಮಾರು 20,000 ಹೆಕ್ಟೇರ್, ಹೆಚ್ಚಿನದು ಅಕೇಶಿಯಾ, ನೀಲಗಿರಿ. ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಆಗಿತ್ತು. ಆದರೂ ಅದೇ ವರ್ಷ ಗುತ್ತಿಗೆಯನ್ನ ಮತ್ತೆ ಮುಂದುವರಿಸಿದರು. ಈ ಸಲ 60 ದಿನದ ನಾಟಕವೂ ಇಲ್ಲ. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಮಲೆನಾಡಿನವರು ಬೀದಿಗಿಳಿದ ಮೇಲೇ ಇಂಥದ್ದೊಂದು ಆದೇಶ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಕೆಲಸ ಕಳಕೊಂಡ ಕಾರ್ಮಿಕನಿಗೆ ಕಾರ್ಖಾನೆ ಬೇಕು, ಕಾಡಂಚಿನ ರೈತನಿಗೆ ಸಹಜ ಕಾಡು ಬೇಕು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸೋ ಕೆಲಸ ಯಾವ ಇಲಾಖೆಯದ್ದೂ ಅಲ್ಲ.

ಹೊಸ ಕಾನೂನು ಬೇಕು ಅನ್ನೋರಿದ್ದಾರೆ. ನನಗೆ ಅಷ್ಟು ಉತ್ಸಾಹ ಇಲ್ಲ, ಇರೋದನ್ನೇ ಯಾರೂ ಬಳಸ್ತಿಲ್ಲ. ಮಾಹಿತಿ ಹಕ್ಕು ಅಂದ್ರೆ ಅರ್ಜಿ, ಹತ್ತು ರೂಪಾಯಿ ಶುಲ್ಕ ಅಂತಷ್ಟೇ ನಮಗೆ ಗೊತ್ತು. ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಮುಖ್ಯ ನೀತಿಗಳನ್ನ ರೂಪಿಸುವಾಗಲೇ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು, ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ಕೊಡಬೇಕು ಅಂತ 2005ರಿಂದಲೇ ಇದೆ. ಯಾರೂ ಅರ್ಜಿ ಹಾಕದೇನೇ.

ಮಾಸ್ಟರ್ ಪ್ಲಾನನ್ನ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅನ್ನುತ್ತೆ ಕಾನೂನು. ಮುಂದಿನ ಸಲ ಸೂಡಾ ಆ ನಕ್ಷೆ ಹೊರಗಿಟ್ಟಾಗ ಅದು ಕಚೇರಿಯ ಗೋಡೆ ಮೇಲಷ್ಟೇ ಯಾಕಿರಬೇಕು? ಎರಡೂ ಹೊಸಮನೆಗಳಲ್ಲಿ ಒಂದೊಂದು ಭಾನುವಾರ ಹಾಸಿ ತೋರಿಸಲಿ, ಕನ್ನಡದಲ್ಲಿ. 60 ದಿನ ಮುಗಿದ ಮೇಲೆ ಒಂದು ಪಟ್ಟಿ ಹಾಕಲಿ: ಬಂದ ಆಕ್ಷೇಪಣೆ ಏನು, ಒಪ್ಪಿದ್ದು ಯಾವುದು, ಒಪ್ಪದಿದ್ದರೆ ಯಾಕೆ, ಆ ಪುಟಕ್ಕೆ ಸಹಿ ಹಾಕಿದವರು ಯಾರು.