ಬಾಸೆಲ್ ಮಿಷನ್ನಿನ ಚರಿತ್ರೆ: ಅಧ್ಯಯನಕ್ರಮದ ವಿಮರ್ಶೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾರ್ಯವನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಪಾಲುಮಾಡಿಕೊಂಡು ಅಭ್ಯಸಿಸಿರುವರು. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಸಾಹಿತ್ಯಚರಿತ್ರಕಾರರ ಪಾಲು. 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಅರ್ಥಶಾಸ್ತ್ರಜ್ಞರದು. ಮತಾಂತರವು ಕ್ರೈಸ್ತಸಭೆಯ ಚರಿತ್ರಕಾರರದು. ಈ ಪಾಲುಪಟ್ಟಿ ಅನುಕೂಲವಾದುದೇ ಹೊರತು ಸತ್ಯವಾದುದಲ್ಲ.

ಹಂಚಿನ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. ಜೇಡಿಮಣ್ಣು, ನದಿ, ಬಂದರು ಇವು ಕಾರ್ಖಾನೆ ಅಲ್ಲಿ ನಿಂತುದಕ್ಕೆ ಕಾರಣ ಹೇಳುವುವು. ಧರ್ಮಪ್ರಸಾರಕ್ಕೆಂದು ಬಂದವರು ಕೈಗಾರಿಕೆಗೆ ಏಕೆ ಇಳಿದರೆಂಬುದನ್ನು ಹೇಳಲಾರವು. ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಕಳ್ಳು ಇಳಿಸುವ ಕಸುಬು ಮಿಷನ್ನಿಗೆ ಸಮ್ಮತವಲ್ಲ. ಜಾತಿಯಿಂದ ಹೊರಬಿದ್ದವನಿಗೆ ಮನೆಮಾರೂ ಗೇಣಿಭೂಮಿಯೂ ತಪ್ಪುವ ಭಯ. ದೀಕ್ಷಾಸ್ನಾನದ ಮರುದಿನ ಎದ್ದ ಗಂಜಿಯ ಪ್ರಶ್ನೆಯೇ ಮೊದಲು ನೇಯ್ಗೆಗೆ, ಬಳಿಕ ಹಂಚಿಗೆ ದಾರಿಮಾಡಿತು. ಹೀಗೆ ಒಂದೇ ಸಂಸ್ಥೆ ಅವನಿಗೆ ಗುರುವೂ ಆಯಿತು, ಧಣಿಯೂ ಆಯಿತು. ಸಭೆಯ ಶಿಸ್ತು ಎಲ್ಲಿ ಮುಗಿದು ಕಾರ್ಖಾನೆಯ ಶಿಸ್ತು ಎಲ್ಲಿ ತೊಡಗಿತೆಂಬುದನ್ನು, ದೇವತಾಶಾಸ್ತ್ರವನ್ನೂ ಕೂಲಿಯ ಲೆಕ್ಕವನ್ನೂ ಒಟ್ಟಿಗೆ ಓದದವನು ಕಾಣನು.

ಜಾನಪದದ ಮಾತೂ ಇದೇ. ಭೂತಾರಾಧನೆಯನ್ನು ಖಂಡಿಸಿದ ಮಿಷನ್ನಿನ ಮುದ್ರಣಾಲಯವೇ 1886ರಲ್ಲಿ ಮ್ಯಾನರರು ಸಂಗ್ರಹಿಸಿದ ತುಳು ಪಾಡ್ದನಗಳನ್ನು ಅಚ್ಚುಮಾಡಿತು. ಇದನ್ನು ಕೇವಲ ಸಂಗ್ರಹಸೇವೆಯೆಂದು ಕೊಂಡಾಡುವುದು, ನನ್ನ ಅಭಿಪ್ರಾಯದಲ್ಲಿ, ಅರ್ಧ ಓದು. ಎದುರಾಳಿಯ ಬಲವನ್ನು ಅರಿಯುವ ಯತ್ನವೂ ಅದರಲ್ಲಿತ್ತೆ ಎಂದು ಕೇಳಬೇಡವೆ?

ಇನ್ನು ಆಕರಗಳು. ಪಾದ್ರಿಗಳ ವರದಿಗಳು ಬಹುಪಾಲು ಜರ್ಮನ್ ಭಾಷೆಯವು, ಯೂರೋಪಿನ ದಾನಿಗಳ ಮೇಲೆ ಕಣ್ಣಿಟ್ಟು ಬರೆದವು. ತುಳುವಿನಲ್ಲಿ ಆಡಿದ ಬಿಲ್ಲವನ ಮಾತು ಅಲ್ಲಿ ಎಷ್ಟು ಉಳಿದಿದೆ, ಎಷ್ಟು ಕರಗಿದೆ ಎಂಬುದನ್ನು ತೂಗಲು ಭಾಷಾಶಾಸ್ತ್ರಜ್ಞನು ಚರಿತ್ರಕಾರನ ಪಕ್ಕದಲ್ಲಿ ಕುಳಿತಿರಬೇಕು.